ಮಸೀದಿಗಾಗಿ ಕೋಟೆ ಬಿಟ್ಟವರ ಊರಿನಲ್ಲಿ

ಬಳ್ಳಾರಿಯ ಹಳಬರು ಇಂದಿಗೂ ಆದೋನಿಯನ್ನು ಆದವಾನಿ ಎಂದೇ ಕರೆಯುತ್ತಾರೆ. ಅವರ ಪಾಲಿಗೆ ಅದು ಪರಸ್ಥಳವಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಅಂದು ಗಡಿ ಎಳೆದಾಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಮೊದಲಾದ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು, ಈ ಮೂರು ಆಚೆಗೆ ಹೋದವು. ಗಡಿ ಹೋದರೂ ನೆಂಟಸ್ತಿಕೆ ಹೋಗಲಿಲ್ಲ. ಹೊಳಗುಂದ, ಕೌತಾಳಂ, ಕೋಸಿಗಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಕೇಳಿಸುತ್ತದೆ. ಉರುಕುಂದ ಈರಣ್ಣನ ಶ್ರಾವಣದ ಜಾತ್ರೆಗೆ ನಮ್ಮ ಕಡೆಯ ಜನ ಹಿಂಡುಹಿಂಡಾಗಿ ಹೋಗುತ್ತಾರೆ. ಮಂತ್ರಾಲಯವಂತೂ ಕನ್ನಡಿಗರ ಮನೆಮಾತು.

ಕಳೆದ ದಸರಾ ರಜೆಯಲ್ಲಿ ನಮ್ಮ ವಲಯದ ನಾಲ್ಕು ಕುಟುಂಬಗಳು ಒಂದು ವ್ಯಾನು ಮಾಡಿಕೊಂಡು ಆಲೂರಿನ ಮೇಲೆ ಆದೋನಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಎರೆ ಹೊಲ, ಹತ್ತಿ, ಶೇಂಗಾ. ಹೊಲದ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಲ್ಲುವ ಬಂಡೆಗುಡ್ಡಗಳು. ಊರು ಸಮೀಪಿಸುತ್ತಿದ್ದಂತೆ ಹತ್ತಿ ಹೇರಿದ ಲಾರಿಗಳ ಸಾಲು ಎದುರಾಯಿತು. ವ್ಯಾಪಾರದ ಭರಾಟೆಗೆ ಈ ಊರನ್ನು ಎರಡನೇ ಮುಂಬಯಿ ಎನ್ನುತ್ತಿದ್ದರಂತೆ. ಮದರಾಸಿನಿಂದ ರಾಯಚೂರಿಗೆ 1871ರಲ್ಲಿ ರೈಲು ಬಂದಾಗ ಹಳಿ ಹಾದದ್ದು ಈ ಊರಿನ ಮೇಲೆಯೇ. ಪೇಟೆಯಲ್ಲಿ ತಿಂದ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿಗೆ ಬಳ್ಳಾರಿಯದೇ ರುಚಿ. ಈ ವಿಷಯದಲ್ಲಿ ಗಡಿ ಆಯೋಗದ ತೀರ್ಪನ್ನು ನಮ್ಮ ಮಕ್ಕಳು ಒಪ್ಪಲಿಲ್ಲ!

ಪೇಟೆಯ ಗದ್ದಲ ದಾಟಿ ಶಾಹಿ ಜಾಮಿಯಾ ಮಸೀದಿಯ ಎದುರು ನಿಂತಾಗ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಬಿಜಾಪುರದ ಶೈಲಿಯ ಕಮಾನುಗಳು, ಮಿನಾರುಗಳು, ಕೈಯಿಟ್ಟರೆ ತಣ್ಣಗೆನ್ನುವ ಕಲ್ಲು. ಕಟ್ಟಿಸಿದವರು ಸಿದ್ದಿ ಮಸೂದ್ ಖಾನ್. ಬಿಜಾಪುರದ ಆದಿಲ್ ಶಾಹಿಗಳ ಕಾಲದಲ್ಲಿ ಆದೋನಿಯನ್ನು ಆಳಿದ, ಮೂಲತಃ ಆಫ್ರಿಕಾದ ಅಬಿಸೀನಿಯಾ ಕಡೆಯ ಸರದಾರರು. ಮಂಚಾಲೆ ಗ್ರಾಮವನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ರಾಘವೇಂದ್ರ ಸ್ವಾಮಿಗಳಿಗೆ ಕೊಟ್ಟವರೂ ಇವರೇ ಎಂದು ಮಠದ ಪರಂಪರೆ ಹೇಳುತ್ತದೆ.

ಈ ಮಸೀದಿಯ ಕತೆ ನಮ್ಮ ಓದುಗರಿಗೆ ತಿಳಿದಿರಲಿಕ್ಕಿಲ್ಲ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಔರಂಗಜೇಬನ ವಶವಾದವು. 1688ರಲ್ಲಿ ಮೊಗಲ್ ಸೇನಾಪತಿ ಫಿರೋಜ್ ಜಂಗ್ ಆದೋನಿಗೆ ಮುತ್ತಿಗೆ ಹಾಕಿದ. ಗುಡ್ಡದ ಮೇಲಿನ ಕೋಟೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಬಾರಾಕಿಲ್ಲಾ, ತಾಲಿಬಂಡ ಮೊದಲಾದ ಐದು ಗುಡ್ಡಗಳನ್ನು ಗೋಡೆಗಳಿಂದ ಹೆಣೆದ ಕೋಟೆ ಅದು. ಎತ್ತರದ ಗುಡ್ಡಗಳು ಬಯಲಿನಿಂದ ಸುಮಾರು 800 ಅಡಿ ಮೇಲಿವೆ. ಆಗ ಸೇನಾಪತಿ ಒಂದು ಉಪಾಯ ಮಾಡಿದನಂತೆ. ಮಸೂದ್ ಖಾನರಿಗೆ ಕೆಳಗಿನ ಮಸೀದಿಯೆಂದರೆ ಪ್ರಾಣ ಎಂಬುದು ಅವನಿಗೆ ಗೊತ್ತಿತ್ತು. ಫಿರಂಗಿಗಳ ಬಾಯಿಯನ್ನು ಕೋಟೆಯ ಕಡೆಯಿಂದ ಮಸೀದಿಯ ಕಡೆಗೆ ತಿರುಗಿಸಿದ. ಗುಂಡು ಬಿದ್ದರೆ ಏನಾದೀತೆಂದು ಬಲ್ಲ ಮುದುಕ ಸರದಾರರು ಕೋಟೆಯನ್ನೇ ಬಿಟ್ಟುಕೊಟ್ಟರು. ಇದು ಜನರ ಬಾಯಿಂದ ಬಂದು ಬ್ರಿಟಿಷರ ಕಾಲದ ಬಳ್ಳಾರಿ ಗೆಜೆಟಿಯರಿನಲ್ಲೂ ಸೇರಿದ ಕತೆ. ಕೋಟೆ ಹೋಯಿತು, ಊರಿನ ಹೆಸರೂ ಕೆಲಕಾಲ ಇಮ್ತಿಯಾಜ್‌ಗಢ ಎಂದಾಯಿತು. ಮಸೀದಿ ಮಾತ್ರ ನಿಂತಿದೆ. ಕತೆಯಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿದ್ದು ಎಂಬ ಚರ್ಚೆ ವ್ಯಾನಿನಲ್ಲಿ ಬಹಳ ಹೊತ್ತು ನಡೆಯಿತು. ಕೋಟೆಯ ಬೆಲೆಗೆ ಒಂದು ಪ್ರಾರ್ಥನಾ ಮಂದಿರವನ್ನು ಉಳಿಸಿಕೊಂಡರೆಂದು ಮುನ್ನೂರು ವರ್ಷ ಒಂದು ಊರಿನ ಜನ ಹೇಳಿಕೊಂಡು ಬಂದಿದ್ದಾರೆಂದರೆ ಅದೇ ಸಣ್ಣ ಸಂಗತಿಯಲ್ಲ ಎಂದು ನಮಗೆ ತೋರಿತು.

ನಾವು ಈ ಕತೆಯನ್ನು ಹೀಗೆ ಎಳೆದಾಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಧರ್ಮಕೇಂದ್ರದಲ್ಲಿ ಸಮುದಾಯ ಭವನ ಕಟ್ಟುವ ಮಾತುಕತೆ ನಡೆದಿದೆ. ಜಾಗ ಹಳೆಯ ದೇವಾಲಯದ ಮಗ್ಗುಲಲ್ಲೇ. ಮೊದಲ ನಕ್ಷೆಯ ಪ್ರಕಾರ ದೇವಾಲಯದ ಗೋಡೆಯಿಂದ ಆರಡಿ ಬಿಟ್ಟು ಹತ್ತಡಿ ಆಳದ ಗುಂಡಿ ತೆಗೆಯಬೇಕು, ಕೆಳಗೆ ವಾಹನ ನಿಲ್ಲಿಸಲು ನೆಲಮಾಳಿಗೆ. ಮಳೆಗಾಲದ ಮದುವೆಗಳಲ್ಲಿ ಶಾಮಿಯಾನದಡಿ ನೆನೆದವರಿಗೆ ಭವನ ಬೇಡವೆನ್ನುವ ಮನಸ್ಸಿಲ್ಲ. ಆದರೆ ಫಿರಂಗಿಯಿಲ್ಲದೆಯೂ ಒಂದು ಗೋಡೆಯನ್ನು ಬೀಳಿಸಬಹುದಲ್ಲವೇ?

ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಮಕ್ಕಳೆಲ್ಲ ಅವರನ್ನು ಮೇಸ್ತ್ರಿ ತಾತ ಎನ್ನುತ್ತಾರೆ. ಮಸೀದಿಯ ಹೊರಗೆ ನೆರಳಲ್ಲಿ ಕುಳಿತು ಅವರು ಹೇಳಿದ ಪಾಠ ನಮಗೆ ಯಾವ ಮಾರ್ಗದರ್ಶಿ ಪುಸ್ತಕದಲ್ಲೂ ಸಿಗುತ್ತಿರಲಿಲ್ಲ.

"ಈಗಿನ ಮನೆಗೆ ಕಬ್ಬಿಣದ ಎಲುಬು ಐತಿ, ಕಾಲಂ, ಬೀಮು ಅಂತ. ಹಳೇ ಕಟ್ಟಡಕ್ಕ ಎಲುಬಿಲ್ಲ. ಅದು ತನ್ನ ಭಾರದಿಂದ್ಲೇ ನಿಂತಿರ್ತದ" ಎಂದರು. ಹಳೆಯ ಗೋಡೆ ದಪ್ಪಗೆ ಕಾಣುತ್ತದೆ. ಆದರೆ ಎಷ್ಟೋ ಕಡೆ ಹೊರಗೊಂದು ಕಲ್ಲಿನ ಮುಖ, ಒಳಗೊಂದು ಕಲ್ಲಿನ ಮುಖ, ನಡುವೆ ತುಂಬಿದ್ದು ಸಣ್ಣ ಕಲ್ಲು ಮತ್ತು ಸುಣ್ಣದ ಗಾರೆ. ನೆಲ ನಡುಗಿದಾಗ ನಡುವಿನ ತುಂಬು ಇಳಿದು ಕೂರುತ್ತದೆ, ಹೊರಮುಖ ಹೊಟ್ಟೆ ಬಿಡುತ್ತದೆ. ಕಮಾನಿನದು ಬೇರೆ ಲೆಕ್ಕ. ಕಮಾನು ಎರಡೂ ಬದಿಯ ಗೋಡೆಗಳನ್ನು ಸದಾ ಹೊರಗೆ ತಳ್ಳುತ್ತಲೇ ಇರುತ್ತದೆ. ಒಂದು ಬದಿಯ ಪಾಯ ಅರ್ಧ ಇಂಚು ಕುಸಿದರೂ ಮೇಲೆ ನೆತ್ತಿಯಲ್ಲಿ ಬಿರುಕು ಕಾಣಿಸುತ್ತದೆ. ಸುಣ್ಣಕ್ಕೆ ಒಂದು ಗುಣವಿದೆ, ನಿಧಾನವಾದ ಅಲ್ಪಸ್ವಲ್ಪ ಕದಲಿಕೆಯನ್ನು ಅದು ತಾಳಿಕೊಳ್ಳುತ್ತದೆ. ತಾಳದಿರುವುದು ಅವಸರದ ಕದಲಿಕೆಯನ್ನು.

ನಮ್ಮ ನಕ್ಷೆಯ ಲೆಕ್ಕವನ್ನು ತಾತ ಅಲ್ಲೇ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದರು. ಹಳೆಯ ಗೋಡೆಯ ಪಾಯ ಮೂರಡಿ ಆಳದಲ್ಲಿದೆ ಎಂದುಕೊಳ್ಳೋಣ. ಪಾಯದ ತಳದಿಂದ ಓರೆಯಾಗಿ ಒಂದು ಗೆರೆ, ಒಂದಡಿ ಆಚೆಗೆ ಹೋದಂತೆ ಒಂದಡಿ ಕೆಳಗೆ. ಆರಡಿ ಆಚೆ ಆ ಗೆರೆ ನೆಲದಿಂದ ಒಂಬತ್ತಡಿ ಆಳಕ್ಕೆ ಬರುತ್ತದೆ. ನಮ್ಮ ಗುಂಡಿ ಹತ್ತಡಿ. "ಅಂದ್ರ ಗೋಡೆ ಕುಂತ ಮಣ್ಣಿಗೇ ಕೈ ಹಾಕಿದಂಗಾತು. ಅದೂ ನಮ್ದು ಎರೆ ಮಣ್ಣು." ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ ಎಂಬುದು ಈ ಸೀಮೆಯ ಪ್ರತಿ ರೈತನಿಗೂ ಗೊತ್ತು. ಗುಂಡಿ ತೆಗೆದು ಮಳೆಗಾಲಕ್ಕೆ ತೆರೆದುಬಿಟ್ಟರೆ, ಅಥವಾ ಗುಂಡಿಗೆ ಬಂದ ನೀರನ್ನು ಮೋಟರು ಹಚ್ಚಿ ದಿನಗಟ್ಟಲೆ ಎಳೆದರೆ, ಪಕ್ಕದ ಗೋಡೆಯ ಕೆಳಗಿನ ಮಣ್ಣಿನ ತೇವವೂ ಏರುಪೇರಾಗುತ್ತದೆ. ಗೋಡೆಗೆ ಯಾರೂ ಮುಟ್ಟದೆಯೇ ಗೋಡೆ ಇಳಿಯುತ್ತದೆ. ಆ ಓರೆಗೆರೆ ಅಂದಾಜಿನ ಲೆಕ್ಕವಷ್ಟೇ, ಮಣ್ಣು ಪರೀಕ್ಷೆ ಮಾಡಿದ ಎಂಜಿನಿಯರರ ಮಾತೇ ಕೊನೆ ಎಂದೂ ತಾತ ಸೇರಿಸಿದರು.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಕೋಟೆಯ ಗುಡ್ಡವನ್ನು ಅರ್ಧ ಹತ್ತಿದೆವು. ಮೊಣಕಾಲು ನೋವಿನವರು ರಣಮಂಡಲ ಆಂಜನೇಯನ ಗುಡ್ಡವನ್ನು ದೂರದಿಂದಲೇ ನೋಡಿ ತೃಪ್ತಿಪಟ್ಟರು. ಮೇಲಿನಿಂದ ಕಾಣುವುದು ಬಂಡೆಯ ಮೇಲೆ ಬಂಡೆ, ಅದರ ಸಂದಿನಲ್ಲಿ ಗೋಡೆ, ಬುರುಜು. ಈ ಸೀಮೆಯ ಸಂಪತ್ತೇ ಕಲ್ಲು, ಆಪತ್ತೂ ಕಲ್ಲೇ. ರಸ್ತೆಗೆ, ಮನೆಗೆ, ರೈಲು ಹಳಿಗೆ ಎಲ್ಲಕ್ಕೂ ಜಲ್ಲಿ ಬೇಕು. 2018ರ ಆಗಸ್ಟ್ 3ರಂದು ಆಲೂರು ಬಳಿಯ ಹತ್ತಿಬೆಳಗಲ್ಲಿನ ಕಲ್ಲುಕ್ವಾರಿಯಲ್ಲಿ ಸಿಡಿಮದ್ದು ಸ್ಫೋಟಿಸಿ ಒಡಿಶಾ ಕಡೆಯಿಂದ ದುಡಿಯಲು ಬಂದ ಹಲವು ಕಾರ್ಮಿಕರು ಸತ್ತರು. ಆಲೂರು ದಾಟುವಾಗ ನಾವು ಅವರಿಗಾಗಿ ಒಂದು ಜಪ ಹೇಳಿದೆವು. ಕಟ್ಟಡದ ಮಾತು ಎಷ್ಟೇ ಆಡಿದರೂ ಮೊದಲು ಮನುಷ್ಯರ ಜೀವ.

ಸಿಡಿಮದ್ದಿನ ಅದುರಿಗೆ ನಮ್ಮ ದೇಶದಲ್ಲಿ ಅಳತೆಯೂ ಇದೆ. ನೆಲ ಎಷ್ಟು ವೇಗವಾಗಿ ಅಲುಗಿತು ಎಂಬುದನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರು ಎಂದು ಉಪಕರಣದಿಂದ ಅಳೆಯುತ್ತಾರೆ. ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಐತಿಹಾಸಿಕ ಕಟ್ಟಡದ ಬಳಿ ನಿಧಾನಗತಿಯ ಅದುರು ಸೆಕೆಂಡಿಗೆ 2 ಮಿಲಿಮೀಟರು ಮೀರಬಾರದು. ಸಾಧಾರಣ ಮನೆಗಳಿಗೆ ಅದೇ ಅದುರಿಗೆ 5ರವರೆಗೆ ಬಿಟ್ಟಿದ್ದಾರೆ. ಜರ್ಮನಿಯವರು ಹಳೆಯ ಕಟ್ಟಡಗಳಿಗೆ 3 ಎಂದು ಹೇಳುತ್ತಾರೆ. ನಮ್ಮ ಪಾದಕ್ಕೆ ನಡುಕ ತಿಳಿಯುವುದು ಒಂದು ಮಿಲಿಮೀಟರಿಗಿಂತ ಬಹಳ ಕಡಿಮೆ ಇರುವಾಗಲೇ. ಹಾಗಾಗಿ ನೆಲ ನಡುಗಿತೆಂದ ಕೂಡಲೇ ಗೋಡೆ ಸೀಳಿತೆಂದು ಗಾಬರಿ ಬೇಡ. ಹಾಗೆಯೇ "ಏನೂ ಆಗಲ್ಲ ಬಿಡ್ರಿ" ಎನ್ನುವ ಗುತ್ತಿಗೆದಾರನ ಮಾತನ್ನೂ ಅಳೆಯದೆ ನಂಬಬೇಕಿಲ್ಲ. ರಸ್ತೆ ಕೆಲಸದ ರೋಲರುಗಳಲ್ಲಿ ಅದುರಿಸುವ ಗುಂಡಿಯೊಂದಿರುತ್ತದೆ. ಹಳೆಯ ಕಟ್ಟಡದ ಎದುರು ಅದನ್ನು ಆರಿಸಿ ಬರೀ ಭಾರದಿಂದ ಉರುಳಿಸಬಹುದು. ಕಂಬವನ್ನು ಬಡಿದು ಇಳಿಸುವ ಬದಲು ಕೊರೆದು ಇಳಿಸಬಹುದು. ಬಂಡೆ ಸಿಕ್ಕರೆ ಸಿಡಿಸುವ ಬದಲು ತೂತು ಹಾಕಿ ಉಬ್ಬುವ ಪುಡಿ ತುಂಬಿ ಸದ್ದಿಲ್ಲದೆ ಸೀಳಬಹುದು. ಖರ್ಚು ಹೆಚ್ಚು, ದಿನವೂ ಹೆಚ್ಚು. ಇದರಲ್ಲಿ ಮುಚ್ಚುಮರೆ ಏನಿಲ್ಲ.

ಎರಡನೆಯ ದಿನ ದಕ್ಷಿಣಕ್ಕೆ ತಿರುಗಿ ಜೊನ್ನಗಿರಿ ಬಳಿಯ ಎರ್ರಗುಡಿಗೆ ಹೋದೆವು. ಬಯಲಲ್ಲಿ ಬಿದ್ದ ಬಂಡೆಗಳ ಮೇಲೆ ಸಾಮ್ರಾಟ ಅಶೋಕನ ಶಾಸನಗಳು. 2,200 ವರ್ಷಕ್ಕೂ ಹಿಂದಿನವು. ಒಂದು ಶಾಸನದಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ, ಎತ್ತು ಹೊಲ ಉತ್ತಂತೆ ಬರೆದಿದ್ದಾರೆ. ಒಬ್ಬ ಹುಡುಗ "ನಮ್ಮ ಟೀಚರು ನೋಡಿದ್ರೆ ಮಾರ್ಕ್ಸು ಕೊಡ್ತಿರ್ಲಿಲ್ಲ" ಎಂದ. ಈ ಅಕ್ಷರಗಳಿಗೆ ಗೋಡೆಯಿಲ್ಲ, ಪಾಯವಿಲ್ಲ, ಬಂಡೆಯ ಮೈಯೇ ಪುಸ್ತಕ. ಬಂಡೆ ಪದರು ಬಿಟ್ಟರೆ ಪುಟ ಹರಿದಂತೆ. ಅದೇ ಜೊನ್ನಗಿರಿ ಸೀಮೆಗೆ ಈಗ ಚಿನ್ನದ ಗಣಿಯೂ ಬಂದಿದೆ. ಕೆಲಸ ಸಿಕ್ಕಿತೆಂದು ಸಂತೋಷಪಡುವ ಜನರೂ ಇದ್ದಾರೆ, ಅವರ ಸಂತೋಷ ಸುಳ್ಳಲ್ಲ. ಸಿಡಿತದ ಅಳತೆಯ ಮಾತು ಇಂಥ ಕಡೆಯೇ ಮೊದಲು ನೆನಪಾಗಬೇಕು.

ಜನರ ಅಗತ್ಯ ಮತ್ತು ಹಳೆಯ ಕಲ್ಲು ಎದುರುಬದುರಾದಾಗ ಏನಾಗುತ್ತದೆಂಬುದನ್ನು ಬಳ್ಳಾರಿಯವರು ಹಂಪಿಯಲ್ಲಿ ಕಣ್ಣಾರೆ ಕಂಡಿದ್ದೇವೆ. ಆನೆಗೊಂದಿಯ ಜನರಿಗೆ ತುಂಗಭದ್ರೆ ದಾಟಲು ತೆಪ್ಪವೇ ಗತಿಯಾಗಿತ್ತು. ತಳವಾರಘಟ್ಟದಲ್ಲಿ ದೊಡ್ಡ ತೂಗುಸೇತುವೆ ಆರಂಭವಾಯಿತು. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ಸೇತುವೆ, ಅದರ ಹಿಂದೆ ಬರುವ ಲಾರಿಗಳು, ಹೊಸ ಕಟ್ಟಡಗಳು ಇವೆಲ್ಲ ಸೇರಿ ತಾಣವನ್ನು ಕೆಡಿಸುತ್ತವೆಂದು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಕೆಲಸ ನಿಂತಿತು, ವರ್ಷಗಟ್ಟಲೆ ವಾದ ನಡೆಯಿತು, 2006ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆದರು. ಮತ್ತೆ ಶುರುವಾದ ಸೇತುವೆ 2009ರ ಜನವರಿ 22ರಂದು ಕುಸಿದು ಕೆಲಸಗಾರರು ನೀರುಪಾಲಾದರು. ಕೊನೆಗೆ ಸೇತುವೆ ಬಂದದ್ದು ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವೆ, ಹಂಪಿಯ ನಡುಮಧ್ಯದಿಂದ ದೂರದಲ್ಲಿ. ಆನೆಗೊಂದಿಯವರಿಗೆ ಬೇಕಾದದ್ದು ಹೊಳೆ ದಾಟಲು ದಾರಿ. ಅದು ಇದೇ ಜಾಗದಲ್ಲಿ ಆಗಬೇಕೆ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಎಷ್ಟು ವರ್ಷ, ಎಷ್ಟು ಜೀವ ಉಳಿಯುತ್ತಿತ್ತೋ!

ಒಳ್ಳೆಯ ಉದಾಹರಣೆಯೂ ನಮ್ಮಲ್ಲೇ ಇದೆ. ಬೆಂಗಳೂರು ಮೈಸೂರು ರೈಲಿಗೆ ಎರಡನೇ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯೊಂದು ಸರಿಯಾಗಿ ಹಳಿಯ ದಾರಿಗೇ ಅಡ್ಡವಾಗಿತ್ತು. ಒಡೆಯುವಂತಿಲ್ಲ, ಹಳಿ ಬಾಗಿಸುವಂತಿಲ್ಲ. 2017ರಲ್ಲಿ ಆ ಇಡೀ ಇಟ್ಟಿಗೆ ಕಟ್ಟಡದ ಕೆಳಗೆ ಉಕ್ಕಿನ ತೊಲೆ ತೂರಿಸಿ, ಜಾಕುಗಳಿಂದ ಎತ್ತಿ, ನೂರು ಮೀಟರಿಗೂ ಆಚೆ ಇಂಚಿಂಚಾಗಿ ಸರಿಸಿ ಇಟ್ಟರು. ತೂಕ ಸುಮಾರು ಸಾವಿರ ಟನ್ನು. ಮೈಸೂರಿಗೆ ಹೋಗುವಾಗ ರೈಲಿನ ಕಿಟಕಿಯಿಂದ ನೋಡಿ. ನೀರಿಗೆ ಸಿಕ್ಕವನ್ನು ಹಾಗೆ ಉಳಿಸಲಾಗಲಿಲ್ಲವೆಂದೇನಿಲ್ಲ, ಶ್ರೀಶೈಲ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಕೂಡವಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಜೋಡಿಸಿದ್ದಾರೆ. ಹಾಸನದ ಶೆಟ್ಟಿಹಳ್ಳಿಯಲ್ಲಿ 1860ರ ಸುಮಾರಿಗೆ ಫ್ರೆಂಚ್ ಧರ್ಮಪ್ರಚಾರಕರು ಕಟ್ಟಿದ ಜಪಸರ ಮಾತೆಯ ದೇವಾಲಯಕ್ಕೆ ಆ ಭಾಗ್ಯವಿರಲಿಲ್ಲ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವ ಅದರ ಮುಂದೆ ಇಂದು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಬಲಿಪೂಜೆ ಕಂಡಿದ್ದ ಹಿರಿಯರಿಗೆ ಆ ಫೋಟೋಗಳು ಅಷ್ಟೇನೂ ಚೆಂದ ಕಾಣಲಿಕ್ಕಿಲ್ಲ.

ದೂರದ ಎರಡು ಸಂಗತಿಗಳನ್ನೂ ಹೇಳಿಬಿಡುತ್ತೇವೆ. ಸ್ಪೇನಿನ ಬಾರ್ಸಿಲೋನಾದಲ್ಲಿ ಸಗ್ರಾದಾ ಫಮೀಲಿಯಾ ದೇವಾಲಯದ ಪಕ್ಕದಲ್ಲೇ ವೇಗದ ರೈಲಿಗೆ ಸುರಂಗ ಕೊರೆಯಬೇಕಾಯಿತು. ಯಂತ್ರ ಬರುವ ಮೊದಲೇ ದೇವಾಲಯಕ್ಕೂ ಸುರಂಗಕ್ಕೂ ನಡುವೆ ನೆಲದೊಳಗೆ ನೂರಕ್ಕೂ ಹೆಚ್ಚು ಕಾಂಕ್ರೀಟು ಕಂಬಗಳ ಸಾಲನ್ನು ಇಳಿಸಿದರು, ಕಟ್ಟಡದ ತುಂಬ ಅಳತೆಯ ಉಪಕರಣ ಇಟ್ಟರು. ಜಗದ್ಗುರು ಹದಿನಾರನೇ ಬೆನೆಡಿಕ್ಟರು ಅದನ್ನು ಪ್ರತಿಷ್ಠಾಪಿಸಿದ್ದು 2010ರ ನವೆಂಬರ್ 7ರಂದು. ರೈಲು 2013ರಿಂದ ಕೆಳಗೆ ಓಡುತ್ತಿದೆ, ದೇವಾಲಯ ಮೇಲೆ ನಿಂತಿದೆ. ಜರ್ಮನಿಯ ಕಲೋನ್ ನಗರದಲ್ಲಿ ಹೀಗಾಗಲಿಲ್ಲ. ನೆಲದಡಿಯ ರೈಲಿಗೆ ತೆಗೆದ ಗುಂಡಿಯ ಗೋಡೆಯಲ್ಲಿದ್ದ ದೋಷದಿಂದ 2009ರ ಮಾರ್ಚ್ 3ರಂದು ಪಕ್ಕದ ನಗರ ದಾಖಲೆ ಭಂಡಾರ ಕುಸಿದುಬಿತ್ತು. ಇಬ್ಬರು ಯುವಕರು ಸತ್ತರು, ನೂರಾರು ವರ್ಷಗಳ ಕಾಗದಪತ್ರ ಕೆಸರಿನ ಪಾಲಾಯಿತು. ಅಷ್ಟು ಮುಂದುವರಿದ ದೇಶದಲ್ಲೇ ಹೀಗೆ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿ, ಕೇಂದ್ರ ಸರಕಾರ ಸಂರಕ್ಷಿಸಿದ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕು. ಆ ನೂರು ಮೀಟರಿನೊಳಗೆ ಹುಟ್ಟಿ ಬೆಳೆದ ಬಡವರಿಗೆ ಒಂದು ಕೋಣೆ ಹೆಚ್ಚಿಗೆ ಕಟ್ಟಲೂ ಆಗದ ಕಷ್ಟವಿದೆ, ಅದನ್ನು ಹಂಪಿ, ಬಿಜಾಪುರದವರನ್ನೇ ಕೇಳಬೇಕು. ನಮ್ಮ ದೇವಾಲಯಗಳಿಗೆ, ಊರಿನ ಎಷ್ಟೋ ಗುಡಿ ಮಸೀದಿಗಳಿಗೆ, ಹಳೆಯ ಶಾಲೆಗಳಿಗೆ ಯಾವ ಪಟ್ಟಿಯೂ ಇಲ್ಲ. ಅವುಗಳಿಗೆ ಅವುಗಳ ಜನರೇ ಕಾವಲು.

ಆದೋನಿಯಿಂದ ಹಿಂದಿರುಗಿದ ಮೇಲೆ ಪಾಲನಾ ಸಮಿತಿಯ ಮುಂದೆ ಮೇಸ್ತ್ರಿ ತಾತನ ಓರೆಗೆರೆಯನ್ನು ಇಟ್ಟೆವು. ಸ್ವಾಮಿಗಳು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿದರು. ಅವರು ಹೇಳಿದ್ದರಲ್ಲಿ ಬೇರೆ ಧರ್ಮಕೇಂದ್ರಗಳಿಗೂ ಉಪಯೋಗವಾಗುವುದನ್ನು ಬರೆಯುತ್ತೇವೆ. ಗುದ್ದಲಿ ಪೂಜೆಗೆ ಮೊದಲೇ ಹಳೆಯ ಕಟ್ಟಡದ ಒಳಹೊರಗೆ ಪ್ರತಿಯೊಂದು ಗೋಡೆಯ ಫೋಟೋ ತೆಗೆದು, ಈಗಾಗಲೇ ಇರುವ ಬಿರುಕುಗಳನ್ನು ಗುರುತಿಸಿ, ತಾರೀಖು ಹಾಕಿ, ಗುತ್ತಿಗೆದಾರರ ಸಹಿ ಪಡೆಯಬೇಕು. ಇಲ್ಲದಿದ್ದರೆ ನಾಳೆ "ಇದು ಮೊದಲೇ ಇತ್ತು" ಎಂಬ ಜಗಳಕ್ಕೆ ಕೊನೆಯಿರುವುದಿಲ್ಲ. ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆಯಿಂದ ಅಂಟಿಸಬೇಕು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಒಡೆದ ದಿನ ಕೆಲಸ ನಿಲ್ಲಿಸಿ ಎಂಜಿನಿಯರರನ್ನು ಕರೆಯುವುದೆಂದು ಕರಾರಿನಲ್ಲೇ ಬರೆಯಬೇಕು, ನಿಂತ ದಿನದ ಕೂಲಿ ಯಾರದೆಂಬುದನ್ನೂ ಬರೆಯಬೇಕು. ಗುಂಡಿಯನ್ನು ಉದ್ದಕ್ಕೂ ಒಂದೇ ಸಲ ಬಗೆಯದೆ ತುಂಡುತುಂಡಾಗಿ ತೆಗೆದು, ಒಂದು ತುಂಡಿನ ಗೋಡೆ ಎದ್ದ ಮೇಲೆ ಮುಂದಿನದು. ಮಳೆಗಾಲಕ್ಕೆ ಮೊದಲು ಮುಗಿಯುವಂತೆ ಹಂಚಿಕೆ. ಹಳೆಯ ದೇವಾಲಯದ ಸೂರಿನ ನೀರು ಹೊಸ ಗುಂಡಿಗೆ ಬೀಳದಂತೆ ಮೊದಲು ಕಾಲುವೆ. ಮತ್ತೊಂದು ಮಾತು, ಹೊಸ ಅಂಗಳಕ್ಕೆ ಕಾಂಕ್ರೀಟು ಹಾಕುವಾಗ ಹಳೆಯ ಗೋಡೆಯ ಬುಡಕ್ಕಿಂತ ಮಟ್ಟ ಏರಿಸಬಾರದು. ನಮ್ಮ ಎಷ್ಟು ಹಳೆಯ ದೇವಾಲಯಗಳ ಗೋಡೆ ಮೊಣಕಾಲೆತ್ತರಕ್ಕೆ ಸದಾ ತೇವ ಹಿಡಿದಿದೆ ಎಂದು ಈ ಭಾನುವಾರ ಪೂಜೆ ಮುಗಿದ ಮೇಲೆ ನೀವೇ ನೋಡಿ.

ಈಗ ನಮ್ಮ ಮುಂದೆ ಎರಡು ನಕ್ಷೆಗಳಿವೆ. ಮೊದಲನೆಯದು ಹಳೆಯದೇ, ನೆಲಮಾಳಿಗೆ ಸಮೇತ. ಎರಡನೆಯದರಲ್ಲಿ ಭವನ ಗೋಡೆಯಿಂದ ಹದಿನೈದು ಅಡಿ ಸರಿದಿದೆ, ನೆಲಮಾಳಿಗೆ ಇಲ್ಲ, ಊಟದ ಸಾಲಿನಲ್ಲಿ ನಲವತ್ತು ಜನರಿಗೆ ಜಾಗ ಕಡಿಮೆ, ವಾಹನಗಳು ಶಾಲೆಯ ಮೈದಾನಕ್ಕೆ ಹೋಗಬೇಕು. ಯುವಜನರು ಹೆಚ್ಚಿನವರು ಮೊದಲನೆಯದರ ಪರ, ಅವರ ಮದುವೆಗಳು ತಾನೇ ಮುಂದೆ ಆಗಬೇಕಾದವು. ಎರಡೂ ನಕ್ಷೆಗಳನ್ನು ದೇವಾಲಯದ ಬಾಗಿಲ ಬಳಿಯ ಸೂಚನಾ ಫಲಕಕ್ಕೆ ಅಂಟಿಸಲಾಗಿದೆ. ಪಕ್ಕದಲ್ಲಿ ಒಂದು ನೋಟುಬುಕ್ಕು, ದಾರ ಕಟ್ಟಿದ ಪೆನ್ನು ಇಟ್ಟಿದ್ದೇವೆ. ತಿಂಗಳ ಕೊನೆಯ ಭಾನುವಾರ ಎರಡನೇ ಪೂಜೆಯ ನಂತರ ಸಭೆ.